ಏಳನೆಯ ಕಾರ್ಡು ಮೌನವಾದಾಗ

ಇರುಳು ಎರಡು ಗಂಟೆ. ಮನೆಯವರೆಲ್ಲ ಗಾಢ ನಿದ್ರೆಯಲ್ಲಿದ್ದಾರೆ. ಹಿಂಬದಿಯ ಕೋಣೆಯಿಂದ ಮಾತ್ರ ಜೇನುಗೂಡಿನ ಗುಂಜಾರವದಂತಹ ಸದ್ದೊಂದು ಎಡೆಬಿಡದೆ ಕೇಳಿಬರುತ್ತಿದೆ. ಅಲ್ಯೂಮಿನಿಯಂ ಪಟ್ಟಿಗಳಿಂದ ಕಟ್ಟಿದ ತೆರೆದ ಚೌಕಟ್ಟೊಂದರಲ್ಲಿ ಎಂಟು ಗ್ರಾಫಿಕ್ಸ್ ಕಾರ್ಡುಗಳು ಸಾಲಾಗಿ ನಿಂತಿವೆ. ಒಂದೊಂದರ ಬೆನ್ನಿಗೂ ಎರಡೆರಡು ಪುಟ್ಟ ಫ್ಯಾನುಗಳು. ಇದ್ದಕ್ಕಿದ್ದಂತೆ ಆ ಗುಂಜಾರವದ ಶ್ರುತಿ ಕೊಂಚ ತಗ್ಗುತ್ತದೆ. ಪರದೆಯ ಮೇಲೆ ಎಂಟು ಸಾಲುಗಳಿದ್ದಲ್ಲಿ ಈಗ ಏಳೇ ಸಾಲುಗಳು. ಏಳನೆಯ ಕಾರ್ಡು ಮೌನವಾಗಿದೆ.

೨೦೨೧ರ ಆದಿಭಾಗದಲ್ಲಿ ಇಂತಹ ರಾತ್ರಿಗಳು ಲೋಕದ ಅನೇಕ ನಗರಗಳಲ್ಲಿ, ಅನೇಕ ಮನೆಗಳಲ್ಲಿ ಬಂದುಹೋದವು. ಈಥರ್ ಎಂಬ ಗೂಢಲಿಪಿ ನಾಣ್ಯದ ಬೆಲೆ ಆಗ ದಿನದಿನಕ್ಕೆ ಏರುತ್ತಿತ್ತು. ಅದನ್ನು ‘ಅಗೆದು’ ತೆಗೆಯಲು ಬೇಕಾದ ಗ್ರಾಫಿಕ್ಸ್ ಕಾರ್ಡುಗಳಿಗೆ ಎಲ್ಲೆಲ್ಲಿಯೂ ಅಭಾವ. ಅಂತಹ ಕಾಲದಲ್ಲಿ ಒಂದು ಕಾರ್ಡು ಸತ್ತಿತೆಂದರೆ ಅದರ ಬದಲಿಗೆ ಮತ್ತೊಂದು ದೊರೆಯುವ ಭರವಸೆಯಿರಲಿಲ್ಲ. ಹೀಗಿರುವಾಗ ಯಂತ್ರದ ಒಡೆಯನ ಎದೆ ಝಲ್ಲೆಂದರೆ ಅದರಲ್ಲಿ ಆಶ್ಚರ್ಯವೇನು?

ಆದರೆ ಅವನು ತಪ್ಪು ಮಾಡುವುದೂ ಆ ಗಳಿಗೆಯಲ್ಲಿಯೇ. ಇಡೀ ಯಂತ್ರದಲ್ಲಿ ಅತ್ಯಂತ ಬೆಲೆಯುಳ್ಳ ವಸ್ತು ಕಾರ್ಡು. ಆದ್ದರಿಂದ ಭಯವೂ ಮೊದಲು ಅಲ್ಲಿಗೇ ಓಡುತ್ತದೆ. ಅವಸರದಿಂದ ಕಾರ್ಡನ್ನು ಬಿಚ್ಚುತ್ತಾನೆ, ಸಾಫ್ಟ್‌ವೇರನ್ನು ಬದಲಿಸುತ್ತಾನೆ, ವೇಗದ ಅಂಕಿಗಳನ್ನು ತಿದ್ದುತ್ತಾನೆ, ಸ್ಕ್ರೂ ತಿರುಗಿಸಿ ಖಾತರಿಯ ಚೀಟಿಯನ್ನು ಹರಿಯುತ್ತಾನೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಗೆ ಇದಕ್ಕಿಂತ ಒಪ್ಪುವ ನಿದರ್ಶನ ಬೇರೆ ಬೇಕಿಲ್ಲ. ಬೆಳಗಾಗುವ ವೇಳೆಗೆ ಮೊದಲಿದ್ದ ಒಂದು ದೋಷದ ಜೊತೆಗೆ ತಾನೇ ಮಾಡಿದ ಇನ್ನೆರಡು ದೋಷಗಳು ಸೇರಿಕೊಂಡಿರುತ್ತವೆ.

ಕೆಟ್ಟುದು ಎತ್ತೋ ಎಮ್ಮೆಯೋ ಎಂಬುದನ್ನು ಮೊದಲು ತಿಳಿಯಬೇಕು. ಅದಕ್ಕೆ ಒಂದು ಕ್ರಮವುಂಟು.

ಅಂಕಿಗಳ ಗಣಿ

ಗಣಿ ಎಂದೊಡನೆ ಕನ್ನಡಿಗರ ಕಣ್ಣಿಗೆ ಕಟ್ಟುವುದು ಕೋಲಾರದ ಚಿನ್ನದ ಸುರಂಗಗಳು. ಈ ಗಣಿಯಲ್ಲಿ ಅಗೆಯುವುದು ಮಣ್ಣನ್ನಲ್ಲ, ಅಂಕಿಗಳನ್ನು. ಬಿಟ್‌ಕಾಯಿನ್ ಮೊದಲಾದ ನಾಣ್ಯಗಳಿಗೆ ಯಾವ ಸರ್ಕಾರದ ಟಂಕಸಾಲೆಯೂ ಇಲ್ಲ. ಅವುಗಳ ಕೊಡು-ಕೊಳ್ಳುವಿಕೆಯನ್ನು ಬರೆದಿಡುವ ಲೆಕ್ಕದ ಪುಸ್ತಕ ಸಾವಿರಾರು ಕಂಪ್ಯೂಟರುಗಳಲ್ಲಿ ಏಕಕಾಲಕ್ಕೆ ಇರುತ್ತದೆ. ಆ ಪುಸ್ತಕಕ್ಕೆ ಹೊಸ ಪುಟವನ್ನು ಸೇರಿಸುವ ಹಕ್ಕು ಯಾರದು? ಒಂದು ಗಣಿತದ ಒಗಟಿಗೆ ಎಲ್ಲರಿಗಿಂತ ಮೊದಲು ಉತ್ತರ ಕಂಡವರದು. ಆ ಒಗಟಿಗೆ ಜಾಣತನದ ಅಡ್ಡದಾರಿಯಿಲ್ಲ. ಒಂದರ ಮೇಲೊಂದು ಸಂಖ್ಯೆಯನ್ನು ಊಹಿಸಿ, ಪರೀಕ್ಷಿಸಿ, ಬಿಸುಟು ಮುಂದೆ ಸಾಗಬೇಕು. ಉತ್ತರ ದೊರೆತರೆ ಹೊಸ ನಾಣ್ಯ ಬಹುಮಾನ.

ಬಿಟ್‌ಕಾಯಿನ್ ಪುಸ್ತಕದ ಮೊದಲ ಪುಟ ಬರೆದುದು ೨೦೦೯ರ ಜನವರಿ ೩ರಂದು. ಆಗ ಸಾಮಾನ್ಯ ಕಂಪ್ಯೂಟರಿನ ಮೆದುಳೇ ಈ ಕೆಲಸಕ್ಕೆ ಸಾಕಾಗಿತ್ತು. ಪೈಪೋಟಿ ಹೆಚ್ಚಿದಂತೆ, ಆಟಗಳ ಚಿತ್ರಗಳನ್ನು ಮೂಡಿಸಲೆಂದು ನಿರ್ಮಿಸಿದ ಗ್ರಾಫಿಕ್ಸ್ ಕಾರ್ಡುಗಳು ಈ ಕೂಲಿಗೆ ಇನ್ನೂ ಯೋಗ್ಯವೆಂದು ಕಂಡುಬಂದಿತು. ಒಂದೇ ಬಗೆಯ ಸಣ್ಣ ಲೆಕ್ಕವನ್ನು ಸಾವಿರಾರು ಕೈಗಳಿಂದ ಒಮ್ಮೆಲೇ ಮಾಡುವ ಶಕ್ತಿ ಅವಕ್ಕುಂಟು. ೨೦೧೫ರ ಜುಲೈ ೩೦ರಂದು ಮೊದಲಾದ ಈಥೀರಿಯಂ ಜಾಲದ ನಾಣ್ಯವಾದ ಈಥರಂತೂ ಏಳು ವರ್ಷಗಳ ಕಾಲ ಮುಖ್ಯವಾಗಿ ಈ ಕಾರ್ಡುಗಳ ದುಡಿಮೆಯಿಂದಲೇ ಹುಟ್ಟಿಬಂದಿತು. ೮ ಗಿಗಾಬೈಟ್ ಮೆಮೊರಿಯ ಆರ್‌ಎಕ್ಸ್ ೫೮೦ ಎಂಬ ಸಾಧಾರಣ ಕಾರ್ಡೊಂದು ಈಥೀರಿಯಂನ ಒಗಟಿಗೆ ಸೆಕೆಂಡಿಗೆ ಸುಮಾರು ೩ ಕೋಟಿ ಊಹೆಗಳನ್ನು ಮಾಡುತ್ತಿತ್ತು. ಅಂತಹ ಎಂಟು ಕಾರ್ಡುಗಳೆಂದರೆ ೨೪ ಕೋಟಿ. ಹಗಲಿಲ್ಲ, ಇರುಳಿಲ್ಲ, ಭಾನುವಾರವೆಂಬುದಿಲ್ಲ. ಆಟವಾಡಲು ದಿನಕ್ಕೆ ಎರಡು ಗಂಟೆ ದುಡಿಯಬೇಕಾಗಿದ್ದ ಯಂತ್ರ ಇಪ್ಪತ್ತನಾಲ್ಕು ಗಂಟೆ ದುಡಿಯಿತು. ಈ ಯಂತ್ರಗಳ ಬಹುಪಾಲು ರೋಗಗಳ ಮೂಲ ಇಲ್ಲಿಯೇ ಇದೆ.

ಒಂದು ಬಾರಿಗೆ ಒಂದೇ ಬದಲಾವಣೆ

ನುರಿತ ವೈದ್ಯನು ರೋಗಿಗೆ ಒಂದೇ ದಿನ ನಾಲ್ಕು ಔಷಧಗಳನ್ನು ಕೊಡುವುದಿಲ್ಲ. ಯಾವುದರಿಂದ ಗುಣವಾಯಿತೆಂಬುದು ತಿಳಿಯದೆ ಹೋದೀತೆಂಬ ಎಚ್ಚರ ಅವನಿಗಿರುತ್ತದೆ. ಯಂತ್ರದ ನಿದಾನಕ್ಕೂ ಮೊದಲ ನಿಯಮ ಅದೇ: ಒಂದು ಬಾರಿಗೆ ಒಂದನ್ನು ಮಾತ್ರ ಬದಲಿಸಬೇಕು, ಬದಲಿಸಿದುದನ್ನು ಕಾಗದದ ಮೇಲೆ ಬರೆದಿಡಬೇಕು.

ಅದಕ್ಕೂ ಮೊದಲು ವೇಗ ಹೆಚ್ಚಿಸಲೆಂದು ತಿದ್ದಿದ ಅಂಕಿಗಳನ್ನೆಲ್ಲ ಅಳಿಸಿ, ಕಾರ್ಖಾನೆಯಿಂದ ಬಂದಾಗ ಇದ್ದ ಸ್ಥಿತಿಗೆ ಕಾರ್ಡನ್ನು ತರುವುದು ಅವಶ್ಯ. ಮೆಮೊರಿಯ ವೇಗವನ್ನು ಮಿತಿಮೀರಿ ಏರಿಸಿದಾಗ ಕಾರ್ಡು ತಪ್ಪು ಉತ್ತರಗಳನ್ನು ಕೊಡತೊಡಗುತ್ತದೆ, ಕೆಲವು ಗಂಟೆಗಳು ನಡೆದು ಇದ್ದಕ್ಕಿದ್ದಂತೆ ಸ್ತಬ್ಧವಾಗುತ್ತದೆ. ನೋಡುವವರಿಗೆ ಅದು ಕಾರ್ಡಿನ ಕಾಯಿಲೆ. ವಾಸ್ತವವಾಗಿ ಅದು ಒಡೆಯನ ಅತಿಯಾಸೆ.

ಎರಡನೆಯದಾಗಿ, ಪರದೆಯ ಮೇಲಿನ ‘ಏಳನೆಯ ಕಾರ್ಡು’ ಚೌಕಟ್ಟಿನಲ್ಲಿ ಎಡದಿಂದ ಏಳನೆಯದೇ ಆಗಿರಬೇಕೆಂಬ ನಿಯಮವಿಲ್ಲ. ಮದರ್‌ಬೋರ್ಡು ತನ್ನ ಖಾನೆಗಳನ್ನು ತನ್ನದೇ ಕ್ರಮದಲ್ಲಿ ಎಣಿಸುತ್ತದೆ. ಆದ್ದರಿಂದ ಯಂತ್ರ ಸರಿಯಾಗಿರುವಾಗಲೇ ಒಂದೊಂದು ಕಾರ್ಡಿನ ಫ್ಯಾನನ್ನು ಮಾತ್ರ ಪೂರ್ಣ ವೇಗಕ್ಕೇರಿಸಿ, ಸದ್ದು ಎಲ್ಲಿಂದ ಬಂದಿತೆಂದು ಗುರುತಿಸಿ, ಕಾರ್ಡಿನ ಮೇಲೆ ಸಂಖ್ಯೆಯ ಚೀಟಿ ಅಂಟಿಸುವುದು ಜಾಣತನ. ಈ ಚೀಟಿಯಿಲ್ಲದೆ ಆರೋಗ್ಯವಂತ ಕಾರ್ಡನ್ನು ಬಿಚ್ಚಿ ಮೇಜಿನ ಮೇಲಿಟ್ಟು ಪರೀಕ್ಷಿಸಿದವರು ಕಡಮೆಯಿಲ್ಲ.

ಇನ್ನು ಮುಖ್ಯವಾದ ಪರೀಕ್ಷೆ. ಮೌನವಾದ ಕಾರ್ಡಿಗೆ ಸಂಬಂಧಿಸಿದಂತೆ ಆರೋಪಿಗಳು ನಾಲ್ವರು: ಕಾರ್ಡು, ಅದನ್ನು ಮದರ್‌ಬೋರ್ಡಿಗೆ ಕೂಡಿಸುವ ರೈಸರ್, ವಿದ್ಯುತ್ತನ್ನು ತರುವ ತಂತಿ, ಮದರ್‌ಬೋರ್ಡಿನ ಖಾನೆ. ಯಂತ್ರವನ್ನು ನಿಲ್ಲಿಸಿ, ಗೋಡೆಯ ಸ್ವಿಚ್ಚನ್ನೂ ಆರಿಸಿ, ಏಳನೆಯ ಕಾರ್ಡನ್ನು ಮೂರನೆಯದರ ರೈಸರಿಗೂ, ಮೂರನೆಯದನ್ನು ಏಳನೆಯದರ ರೈಸರಿಗೂ ಹಾಕಿ, ಮತ್ತೆ ಚಾಲೂ ಮಾಡಬೇಕು. ದೋಷವು ಕಾರ್ಡಿನೊಡನೆ ಹೊರಟುಹೋದರೆ ಅಪರಾಧಿ ಕಾರ್ಡು. ದೋಷವು ಕಾರ್ಡನ್ನು ಬಿಟ್ಟು ಅದೇ ಜಾಗದಲ್ಲಿ ಉಳಿದರೆ ಕಾರ್ಡು ನಿರಪರಾಧಿ. ಉಳಿದ ಮೂವರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸಬೇಕು. ಈ ಪರೀಕ್ಷೆಗೆ ಉಪಕರಣವೊಂದೂ ಬೇಡ, ಹಣವೂ ಬೇಡ. ಬೇಕಾದುದು ಹತ್ತು ನಿಮಿಷಗಳ ತಾಳ್ಮೆ.

ಸಾಲಿನಲ್ಲಿ ಕಡೆಯವನು

ನಾಲ್ವರು ಆರೋಪಿಗಳಲ್ಲಿ ಹೆಚ್ಚು ಬಾರಿ ಸಿಕ್ಕಿಬೀಳುವವನು ರೈಸರ್. ಎರಡು ಖಾನೆಗಳಷ್ಟು ದಪ್ಪವಾದ ಎಂಟು ಕಾರ್ಡುಗಳನ್ನು ಒಂದೇ ಮದರ್‌ಬೋರ್ಡಿನ ಮೇಲೆ ಒತ್ತೊತ್ತಾಗಿ ನಿಲ್ಲಿಸಲು ಸ್ಥಳವಿಲ್ಲ. ಸ್ಥಳವಿದ್ದರೂ ಶಾಖ ಬಿಡದು. ಆದ್ದರಿಂದ ಮದರ್‌ಬೋರ್ಡಿನ ಕಿರುಖಾನೆಗೆ ಬೆರಳಗಲದ ತುಣುಕೊಂದನ್ನು ಸಿಕ್ಕಿಸಿ, ಅದರಿಂದ ಮೊಳದುದ್ದದ ತಂತಿಯನ್ನೆಳೆದು, ಆ ತಂತಿಯ ಇನ್ನೊಂದು ತುದಿಯ ಪುಟ್ಟ ಹಲಗೆಯ ಮೇಲೆ ಕಾರ್ಡನ್ನು ಕೂರಿಸುತ್ತಾರೆ. ಈ ಮೂರೂ ಸೇರಿ ರೈಸರ್. ತಂತಿ ನೋಡಲು ಯುಎಸ್‌ಬಿಯಂತೆಯೇ ಇರುತ್ತದೆ. ಆದರೆ ಅದರಲ್ಲಿ ಹರಿಯುವುದು ಯುಎಸ್‌ಬಿಯ ಭಾಷೆಯಲ್ಲ, ಮದರ್‌ಬೋರ್ಡಿನ ಖಾನೆಯ ಸಂಕೇತಗಳು. ಸುಲಭವಾಗಿ ಸಿಗುವ ತಂತಿಯೆಂಬ ಕಾರಣಕ್ಕೆ ಮಾತ್ರ ಅದನ್ನು ಆರಿಸಿದ್ದಾರೆ. ಯುಎಸ್‌ಬಿಯ ಬೇರೆ ಯಾವ ವಸ್ತುವನ್ನೂ ಅಲ್ಲಿಗೆ ಸಿಕ್ಕಿಸಕೂಡದು.

ಕಾರ್ಡಿನ ಬೆಲೆಯ ಮುಂದೆ ರೈಸರಿನ ಬೆಲೆ ಲೆಕ್ಕಕ್ಕೆ ಬಾರದು. ಅದರ ಗುಣವೂ ಅಷ್ಟೇ ಅನಿಶ್ಚಿತ. ಕಾರ್ಡು ಕಾಣದಿರುವುದು, ಕಂಡು ಕೆಲವು ಗಂಟೆಗಳ ಬಳಿಕ ಮಾಯವಾಗುವುದು, ಇಡೀ ಯಂತ್ರವೇ ಏಳದಿರುವುದು, ಇವೆಲ್ಲ ಅದರ ಲಕ್ಷಣಗಳು. ಖಾನೆಯಲ್ಲಿ ಸಿಕ್ಕಿಸಿದ ತುಣುಕು ಫ್ಯಾನಿನ ಕಂಪನಕ್ಕೆ ಕೂದಲೆಳೆಯಷ್ಟು ಓರೆಯಾದರೂ ಸಾಕು, ಸಂಬಂಧ ಕಡಿಯುತ್ತದೆ. ಬಿಚ್ಚಿ ಒರೆಸಿ ಮತ್ತೆ ನೆಟ್ಟಗೆ ಕೂರಿಸಿದರೆ ಎಷ್ಟೋ ವೇಳೆ ರೋಗ ಅಲ್ಲಿಗೇ ಮುಗಿಯುತ್ತದೆ. ಇಲ್ಲವಾದರೆ ಮೊದಲು ತಂತಿಯನ್ನು, ಆ ಮೇಲೆ ಹಲಗೆಯನ್ನು ಬದಲಿಸಿ ನೋಡಬೇಕು. ಎಂಟು ಕಾರ್ಡುಗಳಿರುವಲ್ಲಿ ಎರಡು ರೈಸರುಗಳನ್ನು ಹೆಚ್ಚಿಗೆ ಇಟ್ಟುಕೊಳ್ಳುವುದು ಅನುಭವಸ್ಥರ ಪದ್ಧತಿ.

ಕೆಲವೊಮ್ಮೆ ರೈಸರೂ ನಿರಪರಾಧಿ, ತಪ್ಪು ಮದರ್‌ಬೋರ್ಡಿನ ಅಪ್ಪಣೆಗಳಲ್ಲಿರುತ್ತದೆ. ನಾಲ್ಕು ಕಾರ್ಡುಗಳವರೆಗೆ ಸರಿಯಾಗಿ ನಡೆದು ಐದನೆಯದನ್ನೋ ಆರನೆಯದನ್ನೋ ಸೇರಿಸಿದೊಡನೆ ಯಂತ್ರ ಏಳಲೊಲ್ಲದೆ ಹೋದರೆ, ಬಯೋಸಿನಲ್ಲಿ ‘ಅಬವ್ ೪ಜಿ ಡಿಕೋಡಿಂಗ್’ ಎಂಬ ಅಪ್ಪಣೆ ಜಾರಿಯಲ್ಲಿದೆಯೇ ಎಂದು ನೋಡಬೇಕು. ಇಷ್ಟೊಂದು ಕಾರ್ಡುಗಳಿಗೆ ವಿಳಾಸ ಹಂಚಲು ಜಾಗ ಸಾಲದಿರುವುದೇ ಅಲ್ಲಿನ ತೊಂದರೆ. ಖಾನೆಗಳ ವೇಗವನ್ನು ಮೊದಲನೆಯ ಅಥವಾ ಎರಡನೆಯ ಪೀಳಿಗೆಗೆ ಇಳಿಸಿದರೆ ಬಡ ರೈಸರುಗಳೂ ನೆಮ್ಮದಿಯಾಗಿ ದುಡಿಯುವುದುಂಟು. ೨೦೧೭ರಲ್ಲಿ ಏಸಸ್ ಸಂಸ್ಥೆ ಗಣಿಗಾರರಿಗೆಂದೇ ೧೯ ಖಾನೆಗಳ ಮದರ್‌ಬೋರ್ಡೊಂದನ್ನು ಹೊರತಂದಿತೆಂದರೆ ಈ ಉದ್ಯಮದ ಹಸಿವು ಎಷ್ಟಿತ್ತೆಂಬುದನ್ನು ಊಹಿಸಬಹುದು.

ಬೆಂಕಿಯ ಲೆಕ್ಕ

ಇದುವರೆಗೆ ಹೇಳಿದ ದೋಷಗಳಿಂದ ಹೋಗುವುದು ಹಣ. ವಿದ್ಯುತ್ತಿನ ದೋಷದಿಂದ ಹೋಗಬಹುದಾದುದು ಮನೆ. ಆದ್ದರಿಂದ ಇಲ್ಲಿ ಸ್ವಲ್ಪ ಲೆಕ್ಕ ಮಾಡುವುದು ಅನಿವಾರ್ಯ.

ಗ್ರಾಫಿಕ್ಸ್ ಕಾರ್ಡು ತನ್ನ ಆಹಾರವನ್ನು ಎರಡು ಬಾಯಿಗಳಿಂದ ತೆಗೆದುಕೊಳ್ಳುತ್ತದೆ. ಒಂದು, ಅದರ ನೆತ್ತಿಗೆ ನೇರವಾಗಿ ಬರುವ ತಂತಿ. ಇನ್ನೊಂದು, ಅದು ಕುಳಿತಿರುವ ಖಾನೆ, ಎಂದರೆ ಇಲ್ಲಿ ರೈಸರಿನ ಹಲಗೆ. ಈ ಎರಡನೆಯ ಬಾಯಿಂದ ೭೫ ವಾಟ್‌ಗಳವರೆಗೂ ಎಳೆಯಲು ಕಾರ್ಡಿಗೆ ಅಧಿಕಾರವಿದೆ. ರೈಸರಿಗೆ ಆ ಶಕ್ತಿಯನ್ನು ಒದಗಿಸಬೇಕಾದವರು ಯಾರು? ಆರು ಸೂಜಿಗಳ ಕನೆಕ್ಟರ್ ೭೫ ವಾಟ್‌ಗಳಿಗೆಂದೇ ನಿರ್ಮಿತವಾದುದು, ಅದು ಯೋಗ್ಯ. ಆದರೆ ಅನೇಕ ರೈಸರುಗಳ ಜೊತೆಗೆ ಸಾಟಾ ಕನೆಕ್ಟರಿನ ಜೋಡಣೆಯ ತಂತಿ ಬರುತ್ತದೆ. ಸಾಟಾ ಕನೆಕ್ಟರ್ ಹಾರ್ಡ್‌ಡಿಸ್ಕಿಗೆಂದು ಹುಟ್ಟಿದುದು. ಅದರಲ್ಲಿ ೧೨ ವೋಲ್ಟಿಗೆ ಮೂರು ಸೂಜಿಗಳು. ಒಂದೊಂದು ಸೂಜಿಗೆ ೧.೫ ಆಂಪಿಯರ್. ಮೂರಕ್ಕೆ ೪.೫ ಆಂಪಿಯರ್, ಅದನ್ನು ೧೨ರಿಂದ ಗುಣಿಸಿದರೆ ೫೪ ವಾಟ್. ಐವತ್ತನಾಲ್ಕನ್ನು ಹೊರಬಲ್ಲವನ ಹೆಗಲ ಮೇಲೆ ಎಪ್ಪತ್ತೈದರ ಹೊರೆ!

ಇದರಲ್ಲಿ ಒಂದು ಮೋಸವಿದೆ. ಎಲ್ಲ ಕಾರ್ಡುಗಳೂ ಆ ಎಪ್ಪತ್ತೈದನ್ನು ಪೂರ್ತಿಯಾಗಿ ಎಳೆಯುವುದಿಲ್ಲ. ಕೆಲವು ನೆತ್ತಿಯಿಂದಲೇ ಹೆಚ್ಚು ತೆಗೆದುಕೊಳ್ಳುತ್ತವೆ. ಆದ್ದರಿಂದ ಸಾಟಾ ತಂತಿ ತಿಂಗಳುಗಟ್ಟಲೆ ನಿರಾಯಾಸವಾಗಿ ನಡೆದೀತು. ‘ಇಷ್ಟು ದಿನ ಏನೂ ಆಗಲಿಲ್ಲವಲ್ಲ’ ಎಂಬ ಧೈರ್ಯ ಬೆಳೆದೀತು. ಆದರೆ ಸೂಜಿಯೊಂದು ಸ್ವಲ್ಪ ಸಡಿಲವಾದರೆ ಅಲ್ಲಿ ತಡೆ ಹೆಚ್ಚುತ್ತದೆ. ತಡೆ ಹೆಚ್ಚಿದಲ್ಲಿ ಶಾಖ ಹುಟ್ಟುತ್ತದೆ. ಶಾಖದಿಂದ ಪ್ಲಾಸ್ಟಿಕ್ ಮೆದುವಾಗಿ ಸೂಜಿ ಇನ್ನೂ ಸಡಿಲವಾಗುತ್ತದೆ. ಒಂದು ರಾತ್ರಿ ಕನೆಕ್ಟರ್ ಕರಗಿ ಹೊಗೆಯೇಳುತ್ತದೆ. ಕಂದುಬಣ್ಣಕ್ಕೆ ತಿರುಗಿದ ಪ್ಲಾಸ್ಟಿಕ್, ಬೆರಳಿಗೆ ಸುಡುವ ತಂತಿ, ಮೀನಿನಂತಹ ಒಂದು ವಾಸನೆ: ಇವುಗಳಲ್ಲಿ ಯಾವುದೊಂದು ಕಂಡರೂ ಆ ಕ್ಷಣವೇ ಗೋಡೆಯ ಸ್ವಿಚ್ಚನ್ನು ಆರಿಸಬೇಕು. ಬೆಂಕಿ ಕಾಣಿಸಿಕೊಂಡರೆ ನೀರೆರಚಕೂಡದು. ಒಣಪುಡಿಯ ಅಥವಾ ಇಂಗಾಲದ ಡೈ ಆಕ್ಸೈಡಿನ ನಂದಿಸುವ ಸಾಧನವೇ ಬೇಕು.

ಪವರ್ ಸಪ್ಲೈ ಪೆಟ್ಟಿಗೆಯ ಲೆಕ್ಕವೂ ಹೀಗೆಯೇ. ಎಂಟು ಕಾರ್ಡುಗಳು ಒಂದೊಂದು ೧೨೦ ವಾಟ್‌ನಂತೆ ೯೬೦. ಮದರ್‌ಬೋರ್ಡು ಮೊದಲಾದುವಕ್ಕೆ ೭೦. ಒಟ್ಟು ೧೦೩೦ ವಾಟ್. ಹಗಲಿರುಳು ದುಡಿಯುವ ಪೆಟ್ಟಿಗೆಯ ಮೇಲೆ ಅದರ ಶಕ್ತಿಯ ಶೇಕಡಾ ೮೦ಕ್ಕಿಂತ ಹೆಚ್ಚು ಭಾರ ಹೊರಿಸಬಾರದೆಂಬುದು ಒಪ್ಪಿತವಾದ ಎಚ್ಚರಿಕೆ. ಆದ್ದರಿಂದ ೧೩೦೦ ವಾಟ್‌ನ ಪೆಟ್ಟಿಗೆ ಬೇಕು. ಪೆಟ್ಟಿಗೆಯ ದಕ್ಷತೆ ಶೇಕಡಾ ೯೦ ಎಂದುಕೊಂಡರೆ ಗೋಡೆಯಿಂದ ಸುಮಾರು ೧೧೪೪ ವಾಟ್ ಬರಬೇಕಾಗುತ್ತದೆ. ನಮ್ಮ ಮನೆಗಳ ೨೩೦ ವೋಲ್ಟಿನಲ್ಲಿ ಅದು ೫ ಆಂಪಿಯರಿಗೆ ಸಮ. ಮೇಜಿನ ದೀಪಕ್ಕೆಂದು ಇಟ್ಟ ೬ ಆಂಪಿಯರ್ ಸಾಕೆಟ್ಟಿನಿಂದ ಇದನ್ನು ವರ್ಷವಿಡೀ ಎಳೆಯುವುದು ಅಪಾಯಕರ. ಗೀಸರಿಗೆ ಬಳಸುವ ೧೬ ಆಂಪಿಯರ್ ಸಾಕೆಟ್ಟೇ ಇದಕ್ಕೆ ತಕ್ಕುದು. ದಿನಕ್ಕೆ ೨೭ ಯೂನಿಟ್ಟಿಗೂ ಮಿಕ್ಕಿದ ಖರ್ಚು ಎಂಬುದನ್ನು ಗೃಹಿಣಿಯರು ಬೇರೆ ಲೆಕ್ಕ ಹಾಕಿಕೊಳ್ಳಬಹುದು.

ಪೆಟ್ಟಿಗೆಯ ದೋಷಕ್ಕೆ ಒಂದು ಸ್ಪಷ್ಟ ಲಕ್ಷಣವುಂಟು. ಯಂತ್ರ ಸುಮ್ಮನಿರುವಾಗ ಎಲ್ಲವೂ ಸರಿ. ಗಣಿ ಕೆಲಸ ಮೊದಲಾದೊಡನೆ ಒಟ್ಟಿಗೇ ಆರಿ ಮತ್ತೆ ಹತ್ತಿಕೊಳ್ಳುತ್ತದೆ. ಭಾರವಿರುವಾಗ ೧೨ ವೋಲ್ಟಿನ ತಂತಿಯನ್ನು ಮಲ್ಟಿಮೀಟರಿನಿಂದ ಅಳೆದರೆ ೧೧.೪ಕ್ಕೂ ೧೨.೬ಕ್ಕೂ ನಡುವೆ ಇರಬೇಕು. ಅದಕ್ಕಿಂತ ಕೆಳಗಿಳಿದರೆ ಪೆಟ್ಟಿಗೆ ದಣಿದಿದೆಯೆಂದೇ ಅರ್ಥ. ಇನ್ನೊಂದು ಎಚ್ಚರ: ತಂತಿಗಳನ್ನು ಬಿಚ್ಚಿ ಜೋಡಿಸಬಹುದಾದ ಪೆಟ್ಟಿಗೆಗಳಲ್ಲಿ ಒಂದರ ತಂತಿಯನ್ನು ಇನ್ನೊಂದಕ್ಕೆ ಹಾಕಬಾರದು. ಕನೆಕ್ಟರ್ ಸರಿಯಾಗಿ ಕೂತರೂ ಒಳಗಿನ ಸೂಜಿಗಳ ಕ್ರಮ ಬೇರೆಯಾಗಿರಬಹುದು; ಒಂದೇ ಗಳಿಗೆಯಲ್ಲಿ ಕಾರ್ಡು ಸುಟ್ಟುಹೋದೀತು. ಎರಡು ಪೆಟ್ಟಿಗೆಗಳನ್ನು ಬಳಸುವಲ್ಲಿ ಒಂದು ಕಾರ್ಡಿಗೂ ಅದರ ರೈಸರಿಗೂ ಒಂದೇ ಪೆಟ್ಟಿಗೆಯಿಂದ ವಿದ್ಯುತ್ತು ಕೊಡುವುದು ಕ್ಷೇಮಕರ.

ಮುಖ ತಂಪು, ಒಡಲು ಬಿಸಿ

ಶಾಖವೆಂದರೆ ಎಲ್ಲರೂ ನೋಡುವುದು ಪರದೆಯ ಮೇಲಿನ ಒಂದೇ ಅಂಕಿಯನ್ನು. ಅದು ಕಾರ್ಡಿನ ಮುಖ್ಯ ಚಿಪ್ಪಿನದು. ೬೦ ಡಿಗ್ರಿ ಸೆಲ್ಸಿಯಸ್ ಎಂದು ಕಂಡರೆ ಸಮಾಧಾನಪಡುತ್ತಾರೆ. ಆದರೆ ಈಥೀರಿಯಂನ ಒಗಟು ಹೆಚ್ಚಾಗಿ ದಣಿಸುತ್ತಿದ್ದುದು ಮುಖ್ಯ ಚಿಪ್ಪನ್ನಲ್ಲ, ಅದರ ಸುತ್ತಲಿನ ಮೆಮೊರಿ ಚಿಪ್ಪುಗಳನ್ನು. ೨೦೨೦ರಲ್ಲಿ ಬಂದ ಆರ್‌ಟಿಎಕ್ಸ್ ೩೦೮೦, ೩೦೯೦ ಮುಂತಾದ ಕಾರ್ಡುಗಳಲ್ಲಿ ಮುಖ್ಯ ಚಿಪ್ಪು ತಂಪಾಗಿರುವಾಗಲೇ ಮೆಮೊರಿ ೧೧೦ ಡಿಗ್ರಿಯನ್ನು ಮುಟ್ಟಿ, ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ಇಳಿಸಿಕೊಳ್ಳುತ್ತಿತ್ತು. ಒಡೆಯನಿಗೆ ಕಾಣುತ್ತಿದ್ದುದು ದುಡಿಮೆ ಇಳಿದುದು ಮಾತ್ರ, ಕಾರಣ ಕಾಣುತ್ತಿರಲಿಲ್ಲ. ೨೦೨೧ರಲ್ಲಿ ಆ ಮೆಮೊರಿಯ ಶಾಖವನ್ನು ಓದುವ ಸಾಫ್ಟ್‌ವೇರು ಬಳಕೆಗೆ ಬಂದ ಮೇಲೆ ಗುಟ್ಟು ರಟ್ಟಾಯಿತು. ಮೆಮೊರಿಗೂ ಶಾಖ ಹೀರುವ ಲೋಹಕ್ಕೂ ನಡುವೆ ಇಡುವ ಮೆತ್ತನೆಯ ಪ್ಯಾಡುಗಳು ಒಳ್ಳೆಯವಾದರೆ ಹಲವು ಡಿಗ್ರಿಗಳು ಇಳಿಯುತ್ತಿದ್ದವು. ಆದರೆ ಪ್ಯಾಡಿನ ದಪ್ಪ ಒಂದಿಷ್ಟು ಹೆಚ್ಚಾದರೂ ಲೋಹವು ಮುಖ್ಯ ಚಿಪ್ಪನ್ನು ಮುಟ್ಟದೆ, ವಾಸಿಮಾಡಹೋಗಿ ಕೆಡಿಸಿದಂತಾಗುತ್ತದೆ.

ಇವೆಲ್ಲಕ್ಕೂ ಮೊದಲು ನೋಡಬೇಕಾದುದು ಧೂಳು ಮತ್ತು ಫ್ಯಾನು. ಲೋಹದ ರೆಕ್ಕೆಗಳ ನಡುವೆ ಹತ್ತಿಯಂತೆ ತುಂಬಿದ ಧೂಳನ್ನು ತೆಗೆಯಲು ಮೃದುವಾದ ಕುಂಚವೂ ಗಾಳಿಯೂ ಸಾಕು. ಗಾಳಿ ಊದುವಾಗ ಫ್ಯಾನನ್ನು ಬೆರಳಿನಿಂದ ಹಿಡಿದಿರಬೇಕು. ಕರಕರ ಸದ್ದು ಮಾಡುವ ಫ್ಯಾನು ತನ್ನ ಅಂತ್ಯವನ್ನು ಮುಂಚಿತವಾಗಿಯೇ ಸಾರುತ್ತಿರುತ್ತದೆ. ಅದನ್ನು ಆಗಲೇ ಬದಲಿಸಿದವನು ಕಾರ್ಡನ್ನು ಉಳಿಸಿಕೊಳ್ಳುತ್ತಾನೆ.

ರೋಗವಲ್ಲದ ರೋಗ

೨೦೨೦ರ ಕೊನೆಯ ವೇಳೆಗೆ ಒಂದು ವಿಚಿತ್ರ ಸಾಂಕ್ರಾಮಿಕ ಹಬ್ಬಿತು. ಅದುವರೆಗೆ ಚೆನ್ನಾಗಿ ದುಡಿಯುತ್ತಿದ್ದ ೪ ಗಿಗಾಬೈಟ್ ಮೆಮೊರಿಯ ಕಾರ್ಡುಗಳು ಎಲ್ಲೆಡೆ ಹೆಚ್ಚುಕಡಮೆ ಒಂದೇ ಕಾಲಕ್ಕೆ ಕುಂಟತೊಡಗಿ ನಿಂತುಬಿಟ್ಟವು. ರೈಸರ್ ಬದಲಿಸಿದರು, ಪೆಟ್ಟಿಗೆ ಬದಲಿಸಿದರು, ಫಲವಿಲ್ಲ. ದೋಷ ಯಂತ್ರದಲ್ಲಿ ಇರಲೇ ಇಲ್ಲ. ಈಥೀರಿಯಂನ ಒಗಟನ್ನು ಬಿಡಿಸಲು ಕಾರ್ಡು ತನ್ನ ಮೆಮೊರಿಯಲ್ಲಿ ಒಂದು ದೊಡ್ಡ ಕೋಷ್ಟಕವನ್ನು ಇಟ್ಟುಕೊಳ್ಳಬೇಕಾಗಿತ್ತು. ೨೦೧೫ರಲ್ಲಿ ೧ ಗಿಗಾಬೈಟಿನಷ್ಟಿದ್ದ ಆ ಕೋಷ್ಟಕ ಪ್ರತಿ ೩೦,೦೦೦ ಪುಟಗಳಿಗೊಮ್ಮೆ ೮ ಮೆಗಾಬೈಟಿನಂತೆ ಬೆಳೆಯುತ್ತ ಬಂದು, ಕಡೆಗೆ ೪ ಗಿಗಾಬೈಟಿನ ಕಾರ್ಡಿನಲ್ಲಿ ಹಿಡಿಸದಾಯಿತು. ಮಗು ಬೆಳೆದು ತೊಟ್ಟಿಲು ಸಾಲದಾದರೆ ತೊಟ್ಟಿಲು ಮುರಿಯಿತೆನ್ನಲಾದೀತೇ?

ಇಂಥದೇ ಇನ್ನೊಂದು ಭ್ರಮೆ ವಿಂಡೋಸ್ ಯಂತ್ರಗಳಲ್ಲಿ ಕಾಣುತ್ತಿತ್ತು. ಕಾರ್ಡುಗಳ ಮೆಮೊರಿಯೆಲ್ಲ ಸೇರಿ ಎಷ್ಟಾಗುವುದೋ ಅಷ್ಟು ಸ್ಥಳವನ್ನಾದರೂ ಡಿಸ್ಕಿನಲ್ಲಿ ಕಾಲ್ಪನಿಕ ಮೆಮೊರಿಯೆಂದು ಮೀಸಲಿಡದಿದ್ದರೆ ಗಣಿಯ ಸಾಫ್ಟ್‌ವೇರು ಮೊದಲಲ್ಲೇ ಮುಗ್ಗರಿಸುತ್ತಿತ್ತು. ಒಂದು ಅಂಕಿಯನ್ನು ತಿದ್ದಿದರೆ ತೀರುವ ತೊಂದರೆಗೆ ಎಷ್ಟೋ ಕಾರ್ಡುಗಳು ಅಂಗಡಿಗೆ ಹೋಗಿ ಬಂದವು.

ಅರ್ಧ ಮಾಡುವ ಉಪಾಯ

ಯಾವ ಕಾರ್ಡು, ಯಾವ ರೈಸರ್ ಎಂಬ ಸುಳಿವೇ ಇಲ್ಲದೆ ಇಡೀ ಯಂತ್ರ ಏಳದಿದ್ದರೆ? ಎಂಟನ್ನೂ ಒಂದೊಂದಾಗಿ ಪರೀಕ್ಷಿಸಬೇಕಾಗಿಲ್ಲ. ನಾಲ್ಕನ್ನು ಕಳಚಿ ಉಳಿದ ನಾಲ್ಕರಿಂದ ಯಂತ್ರವನ್ನು ಎಬ್ಬಿಸಿ ನೋಡಬೇಕು. ಎದ್ದರೆ ದೋಷ ಕಳಚಿದ ನಾಲ್ಕರಲ್ಲಿದೆ. ಏಳದಿದ್ದರೆ ಉಳಿದ ನಾಲ್ಕರಲ್ಲಿದೆ. ಆ ನಾಲ್ಕನ್ನು ಮತ್ತೆ ಎರಡು ಭಾಗ, ಆ ಎರಡನ್ನು ಮತ್ತೆ ಒಂದೊಂದು. ಕೆಟ್ಟಿರುವುದು ಒಂದೇ ಆದರೆ ಎಂಟರಲ್ಲಿ ಅದನ್ನು ಹಿಡಿಯಲು ಮೂರೇ ಪರೀಕ್ಷೆಗಳು ಸಾಕು.

ಬಿಟ್‌ಕಾಯಿನ್ನಿಗೆಂದೇ ನಿರ್ಮಿಸಿದ ಯಂತ್ರಗಳನ್ನು ದುರಸ್ತಿ ಮಾಡುವವರ ಕೈಯಲ್ಲಿಯೂ ಇರುವುದು ಇದೇ ಉಪಾಯ. ೨೦೧೬ರಲ್ಲಿ ಬಂದು ಹೆಸರು ಮಾಡಿದ ಆಂಟ್‌ಮೈನರ್ ಎಸ್೯ ಯಂತ್ರದಲ್ಲಿ ಮೂರು ಹಲಗೆಗಳು; ಒಂದೊಂದರಲ್ಲಿ ೬೩ ಚಿಪ್ಪುಗಳು ಸರಪಣಿಯಂತೆ ಕೂಡಿಕೊಂಡಿರುತ್ತವೆ. ಸಂಕೇತವು ಒಂದರಿಂದ ಇನ್ನೊಂದಕ್ಕೆ, ಕೈಯಿಂದ ಕೈಗೆ ದಾಟಿಸಿದ ಬಿಂದಿಗೆಯಂತೆ, ಸಾಗಬೇಕು. ನಡುವೆ ಒಂದು ಚಿಪ್ಪು ಸತ್ತರೂ ಎಣಿಕೆ ೬೩ನ್ನು ತಲುಪದು. ನುರಿತ ಕೆಲಸಗಾರನು ಸರಪಣಿಯ ನಡುವಿಗೇ ಮೀಟರಿನ ಮೊನೆಯನ್ನಿಟ್ಟು ಸಂಕೇತ ಅಲ್ಲಿಯವರೆಗೆ ಬಂದಿದೆಯೇ ಎಂದು ನೋಡುತ್ತಾನೆ. ಹೀಗೆ ಅರ್ಧ ಮಾಡುತ್ತ ಹೋದರೆ ಅರವತ್ತಮೂರರಲ್ಲಿ ತಪ್ಪಿತಸ್ಥನನ್ನು ಗುರುತಿಸಲು ಆರು ಅಳತೆಗಳು ಸಾಕು.

ಎಲ್ಲ ಪರೀಕ್ಷೆಗಳೂ ಮುಗಿದು ಕಾರ್ಡೇ ಕೆಟ್ಟಿದೆಯೆಂದು ಸ್ಥಿರವಾದರೆ, ಖಾತರಿಯಿದ್ದಲ್ಲಿ ಅದನ್ನು ಬಿಚ್ಚದೆ ಹಿಂತಿರುಗಿಸುವುದೇ ಲೇಸು. ಅಂತಹ ಕಾರ್ಡನ್ನು ಅಡುಗೆಯ ಓವನ್ನಿನಲ್ಲಿಟ್ಟು ಕಾಯಿಸಿ ಬದುಕಿಸುವ ಪವಾಡವೊಂದು ಪ್ರಚಾರದಲ್ಲಿದೆ. ಬದುಕಿದರೂ ಅದು ಕೆಲವು ದಿನಗಳ ಮಾತು. ಪ್ಲಾಸ್ಟಿಕ್ಕಿನ ವಿಷದ ಹೊಗೆ ಮಾತ್ರ ಅನ್ನ ಬೇಯಿಸುವ ಪಾತ್ರೆಗಳಿಗೆ ಅಂಟಿಕೊಳ್ಳುತ್ತದೆ.

ಗಣಿ ಮುಚ್ಚಿದ ಮೇಲೆ

೨೦೨೨ರ ಸೆಪ್ಟೆಂಬರ್ ೧೫ರಂದು ಈಥೀರಿಯಂ ಜಾಲ ತನ್ನ ಪದ್ಧತಿಯನ್ನೇ ಬದಲಿಸಿತು. ಒಗಟು ಬಿಡಿಸುವವರ ಬದಲು, ನಾಣ್ಯವನ್ನು ಒತ್ತೆಯಿಟ್ಟವರಿಗೆ ಪುಟ ಸೇರಿಸುವ ಹಕ್ಕು ದೊರೆಯಿತು. ಕಾರ್ಡುಗಳಿಗೆ ಆ ಗಣಿಯಲ್ಲಿ ಕೆಲಸವೇ ಇಲ್ಲದಾಯಿತು. ಕೋಲಾರದ ಚಿನ್ನದ ಗಣಿ ಮುಚ್ಚಲು ನೂರು ವರ್ಷಗಳಿಗೂ ಹೆಚ್ಚು ಹಿಡಿಯಿತು. ಈ ಗಣಿ ಏಳೇ ವರ್ಷಗಳಲ್ಲಿ, ಒಂದೇ ದಿನದಲ್ಲಿ ಮುಚ್ಚಿತು. ಭಾರತದಲ್ಲಿ ಅದೇ ವರ್ಷದ ಏಪ್ರಿಲ್ ೧ರಿಂದ ಇಂತಹ ನಾಣ್ಯಗಳ ಲಾಭಕ್ಕೆ ಶೇಕಡಾ ೩೦ರ ತೆರಿಗೆ ಜಾರಿಗೆ ಬಂದಿತ್ತು. ಗಣಿಯ ಯಂತ್ರಕ್ಕೆ ಮಾಡಿದ ವೆಚ್ಚವನ್ನು ನಾಣ್ಯದ ಅಸಲೆಂದು ಕಳೆಯಲಾಗದೆಂದು ಕೇಂದ್ರ ಸರ್ಕಾರ ಲೋಕಸಭೆಯಲ್ಲಿ ಸ್ಪಷ್ಟಪಡಿಸಿತ್ತು. ಎಂದರೆ, ಅವಸರದಿಂದ ಸುಟ್ಟುಕೊಂಡ ಕಾರ್ಡಿನ ನಷ್ಟ ಪೂರ್ತಿಯಾಗಿ ಒಡೆಯನ ಜೇಬಿನದೇ.

ದುಡಿದು ದಣಿದ ಆ ಕಾರ್ಡುಗಳು ಆ ಬಳಿಕ ಹಳೆಯ ಸಾಮಾನಿನ ಮಾರುಕಟ್ಟೆಗೆ ಬಂದವು. ಮಗನ ಕಂಪ್ಯೂಟರಿಗೆಂದು ಬಳಸಿದ ಕಾರ್ಡನ್ನು ಕೊಳ್ಳಹೋಗುವ ತಂದೆ ಇದನ್ನು ನೆನಪಿನಲ್ಲಿಡಬೇಕು. ಗಣಿಯಲ್ಲಿದ್ದ ಕಾರ್ಡುಗಳೆಲ್ಲವೂ ಕೆಟ್ಟವೆಂದಲ್ಲ. ಕಡಮೆ ವಿದ್ಯುತ್ತಿನಲ್ಲಿ, ಏರಿಳಿತವಿಲ್ಲದ ಶಾಖದಲ್ಲಿ ನಡೆಸಿದ ಕಾರ್ಡು ಚೆನ್ನಾಗಿಯೇ ಇರಬಹುದು. ಆದರೆ ಫ್ಯಾನು ನಿಶ್ಶಬ್ದವಾಗಿ ತಿರುಗುವುದೇ, ಕನೆಕ್ಟರಿನ ಪ್ಲಾಸ್ಟಿಕ್ ಕಂದಾಗಿದೆಯೇ, ಅರ್ಧ ಗಂಟೆ ಪೂರ್ಣ ಭಾರದಲ್ಲಿ ನಡೆಸಿದಾಗ ಪರದೆಯ ಮೇಲೆ ಚುಕ್ಕಿ ಗೆರೆಗಳು ಮೂಡುವುವೇ, ಮೆಮೊರಿಯ ಶಾಖ ಎಷ್ಟು ಎಂಬ ನಾಲ್ಕನ್ನು ಕಣ್ಣಾರೆ ಕಾಣದೆ ಹಣ ಎಣಿಸಕೂಡದು.

ಇನ್ನು ಆ ರಾತ್ರಿಯ ಏಳನೆಯ ಕಾರ್ಡು. ತಾಳ್ಮೆಯುಳ್ಳ ಒಡೆಯನಾದರೆ ಗೋಡೆಯ ಸ್ವಿಚ್ಚನ್ನು ಆರಿಸಿ, ಚೀಟಿಯ ಸಂಖ್ಯೆಯನ್ನು ನೋಡಿ, ಏಳನೆಯದನ್ನು ಮೂರನೆಯದರ ಜಾಗಕ್ಕೆ ಹಾಕುತ್ತಾನೆ. ಯಂತ್ರವನ್ನು ಎಬ್ಬಿಸಿದಾಗ ಏಳನೆಯ ಕಾರ್ಡು ಹೊಸ ಜಾಗದಲ್ಲಿ ಗುನುಗುತ್ತದೆ. ಏಳನೆಯದರ ಜಾಗಕ್ಕೆ ಬಂದ ಮೂರನೆಯದು ಮೌನವಾಗಿರುತ್ತದೆ. ಇಲ್ಲಿಗೆ ಕಾರ್ಡಿನ ಮೇಲಿನ ಆರೋಪ ಕಳಚಿತು. ರೈಸರಿನ ತಂತಿಯನ್ನು ಬದಲಿಸುತ್ತಾನೆ. ಎಂಟು ಸಾಲುಗಳೂ ಪರದೆಯ ಮೇಲೆ ಮೂಡುತ್ತವೆ. ಕೆಟ್ಟಿದ್ದುದು ಯಂತ್ರದಲ್ಲೆಲ್ಲ ಅತ್ಯಂತ ಅಗ್ಗವಾದ ಒಂದು ತಂತಿ. ಅದನ್ನು ಕಂಡುಹಿಡಿಯಲು ಬೇಕಾದುದು ವಿದ್ಯೆಗಿಂತ ಹೆಚ್ಚಾಗಿ, ದುಬಾರಿಯದನ್ನು ಶಂಕಿಸುವ ಮುನ್ನ ಅಗ್ಗದ್ದನ್ನು ಒಮ್ಮೆ ನೋಡೋಣವೆಂಬ ಸಮಾಧಾನ. ಅಷ್ಟು ಸಮಾಧಾನವಿದ್ದರೆ ಎಮ್ಮೆಗೆ ಬರೆ ತಪ್ಪುತ್ತದೆ, ಎತ್ತಿನ ಜ್ವರವೂ ಇಳಿಯುತ್ತದೆ.